ಕರಕಿ ಹಾಕದ ಕಾಫಿ

ಅಂಬಾದಾಸ ಫ್ರಿಜ್ಜಿನ ಬಾಗಿಲು ತೆರೆದು ನೋಡಿ ಮುಚ್ಚಿದ. ಅಡುಗೆಮನೆಯ ಹೊಸ್ತಿಲು ದಾಟಿದವನು ಏನೋ ಮರೆತವನ ಹಾಗೆ ತಿರುಗಿ ಬಂದು ಮತ್ತೆ ತೆರೆದ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಭಾಗ್ಯಶ್ರೀ ಇದನ್ನು ಆಗಿನಿಂದ ನೋಡುತ್ತಲೇ ಇದ್ದಳು. ಇನ್ನೊಮ್ಮೆ ಅವನ ಕೈ ಹಿಡಿಕೆಗೆ ಹೋದಾಗ ಹಿಟ್ಟಿನ ಕೈ ಎತ್ತಿ, "ಒಳಗ ಕೋಳಿ ಕಾವಿಗೆ ಕುಂತೈತೇನ್ರಿ? ಹಿಂಗ ಘಳಿಗಿಗೊಮ್ಮೆ ತಗದ್ರ ಮರಿ ಹೊರಗ ಬರಂಗಿಲ್ಲ" ಅಂದಳು.

ಒಳಗೆ ಇದ್ದದ್ದು ತಣ್ಣೀರಿನಲ್ಲಿ ನೆನೆಯುತ್ತಿದ್ದ ಕಾಫಿಪುಡಿ. ಅದು ಮರುದಿನ ಬೆಳಿಗ್ಗೆ ಸರಿಯಾಗಿ ಇಳಿದರೆ ಅವರು ಮಣಿಕೊಂಡದಲ್ಲೇ ಉಳಿಯಬಹುದಿತ್ತು. ಇಳಿಯದಿದ್ದರೆ ಜೀಡಿಮೆಟ್ಲಾಕ್ಕೆ ಗಂಟುಮೂಟೆ ಕಟ್ಟಬೇಕಿತ್ತು.

ಅಂಬಾದಾಸ ಕೆಲಸ ಮಾಡುತ್ತಿದ್ದದ್ದು ಸೂರ್ಯನಾರಾಯಣ ಎಂಬ ಕ್ಯಾಂಟೀನ್ ಗುತ್ತಿಗೆದಾರರ ಕೈಕೆಳಗೆ. ಮಣಿಕೊಂಡದ ಆಚೆ ಗಾಜಿನ ಕಟ್ಟಡಗಳು ಒಂದರ ಬೆನ್ನಿಗೊಂದು ಏಳುತ್ತಿದ್ದ ಕಾಲ ಅದು. ಒಂದರ ಉದ್ಘಾಟನೆಯ ತೋರಣ ಒಣಗುವುದರೊಳಗೆ ಪಕ್ಕದ್ದಕ್ಕೆ ಕ್ರೇನು ಬಂದು ನಿಂತಿರುತ್ತಿತ್ತು. ಅಂಥ ಒಂದು ಕಟ್ಟಡದ ಸಾಫ್ಟ್‌ವೇರ್ ಕಂಪನಿಯ ಕ್ಯಾಂಟೀನು ಸೂರ್ಯನಾರಾಯಣರದು. ಈಗ ಕಂಪನಿಯವರಿಗೆ ಕೆಳಗಿನ ಮಹಡಿಯಲ್ಲಿ ಒಂದು ಕೋಲ್ಡ್ ಕಾಫಿ ಕೌಂಟರು ಬೇಕಾಗಿತ್ತು. ಯಾವ ಬಗೆಯ ಕಾಫಿ ಎಂಬುದನ್ನು ಆರಿಸಬೇಕಾದವರು ಅಲ್ಲಿನ ಆಡಳಿತ ನೋಡಿಕೊಳ್ಳುವ ಶಿವದೇವಿ ಮೇಡಂ. ಸೋಮವಾರ ಬೆಳಿಗ್ಗೆ ರುಚಿ ನೋಡಿ ಹೇಳುತ್ತೇನೆ ಎಂದಿದ್ದರು. ಸೂರ್ಯನಾರಾಯಣ ತಮ್ಮ ಇಬ್ಬರು ಹುಡುಗರಿಗೆ ಮಾಡಲು ಹೇಳಿದ್ದರು. ಒಬ್ಬ, ದೊಡ್ಡ ಕಾಫಿ ಅಂಗಡಿಯೊಂದರಲ್ಲಿ ಕೈ ಪಳಗಿಸಿಕೊಂಡು ಬಂದಿದ್ದ ಉಪೇಂದ್ರ. ಇನ್ನೊಬ್ಬ, ಮಹಡಿಗಳಿಗೆ ಚಹಾ ಕಾಫಿ ಒದಗಿಸುತ್ತಿದ್ದ ಅಂಬಾದಾಸ. ಯಾರ ಕಾಫಿ ಮೇಡಂಗೆ ಹಿಡಿಸುತ್ತದೋ ಅವನಿಗೆ ಕೌಂಟರು. ಇನ್ನೊಬ್ಬ ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯ ಕ್ಯಾಂಟೀನಿಗೆ ಹೋಗಬೇಕು, ಅಲ್ಲಿ ಆಳು ಬೇಕಾಗಿದೆ.

ಉಪೇಂದ್ರ ಒಂಟಿ ಮನುಷ್ಯ, ಎಲ್ಲಿ ಹಾಸಿಗೆ ಬಿಚ್ಚಿದರೆ ಅಲ್ಲೇ ಮನೆ. ಅಂಬಾದಾಸನಿಗೆ ಹಾಗಲ್ಲ. ಜೀಡಿಮೆಟ್ಲಾ ಅಂದರೆ ಊರಿನ ಆ ತುದಿ. ಬೆಳಗಿನ ಪಾಳಿಗೆ ನಾಷ್ಟಾ ಹಾಕಬೇಕೆಂದರೆ ಮನೆ ಅಲ್ಲೇ ಮಾಡಬೇಕು. ಮಗಳು ಪಿಂಕಿಯ ಶಾಲೆ ಇಲ್ಲಿತ್ತು. ಅಪಾರ್ಟ್‌ಮೆಂಟಿನ ಹೆಂಗಸರ ಕುಪ್ಪಸ ಹೊಲಿದು ಭಾಗ್ಯಶ್ರೀ ಕಟ್ಟಿಕೊಂಡ ಗಿರಾಕಿಗಳೆಲ್ಲ ಇಲ್ಲಿದ್ದರು. ಅವ್ವ ಬಂಡೆಮ್ಮ ಸೇಡಂ ಕಡೆಯಿಂದ ಈ ತೆಲುಗು ಊರಿಗೆ ಇಟ್ಟಂಗಿ ಹೊರಲು ಬಂದವಳು, ಈ ಓಣಿಯ ಅರ್ಧ ಮನೆಗಳಿಗೆ ತಾನು ಇಟ್ಟಂಗಿ ಹೊತ್ತಿದ್ದೇನೆಂದು ಹೇಳಿಕೊಂಡು ಇಲ್ಲೇ ಮುದುಕಿಯಾದವಳು. ಅವಳನ್ನು ಎಬ್ಬಿಸಿಕೊಂಡು ಹೋಗುವುದು ಹೇಗೆ ಎಂದು ನೆನೆದಾಗಲೆಲ್ಲ ಅಂಬಾದಾಸ ಎದ್ದು ಫ್ರಿಜ್ಜಿನ ಕಡೆ ಹೋಗುತ್ತಿದ್ದ.

ಒಂದು ವಾರದಿಂದ ಅವನು ಕ್ಯಾಂಟೀನಿನ ಅಡುಗೆಮನೆಯಲ್ಲಿ ಎಲ್ಲ ಬಗೆಯನ್ನೂ ಮಾಡಿ ನೋಡಿದ್ದ. ಉಪೇಂದ್ರನದು ಕಡೆದು ಮಾಡುವ ಬಗೆ. ಕಾಫಿಪುಡಿ, ಸಕ್ಕರೆ, ಮೇಲೆ ನಾಲ್ಕು ಹನಿ ಬಿಸಿನೀರು. ಅದನ್ನು ಕಡೆದು ಕಡೆದು ಕಂದು ಬಣ್ಣ ಹೋಗಿ ಬೆಣ್ಣೆಯ ಹಾಗೆ ಉಬ್ಬಿದ ಮೇಲೆ ಹಾಲು, ಐಸು ಹಾಕಿ ಮಿಕ್ಸರಿಗೆ ಕೊಡುವುದು. ಗ್ಲಾಸು ನೋಡಿದರೇ ಮನಸ್ಸು ತುಂಬುತ್ತಿತ್ತು. ಆದರೆ ಅದನ್ನು ಆಗಲೇ ಕುಡಿದುಬಿಡಬೇಕು. ಫೋನಿನಲ್ಲಿ ಮಾತಾಡುತ್ತ ನಿಂತರೆ ಮೇಲೆ ನೊರೆ, ಕೆಳಗೆ ನೀರು ಹಾಲು, ಹೀಗೆ ಎರಡು ಪಾಲಾಗುತ್ತಿತ್ತು. ಎರಡನೆಯದು ಯಂತ್ರದಿಂದ ಇಳಿದ ಬಿಸಿ ಡಿಕಾಕ್ಷನ್ನನ್ನು ಐಸಿನ ಮೇಲೆ ಸುರಿಯುವುದು. ಕೆಲಸವೇ ಇಲ್ಲ, ಘಮ ಮಾತ್ರ ಭರ್ಜರಿ. ಸೂರ್ಯನಾರಾಯಣರಿಗೆ ಅದೇ ಇಷ್ಟ. ಆದರೆ ಬಿಸಿ ತಣ್ಣಗಿನ ಜಗಳದಲ್ಲಿ ಕಾಫಿಗೆ ಒಂದು ಒಗರು ಹತ್ತುತ್ತಿತ್ತು, ಅರ್ಧ ಗ್ಲಾಸು ಮುಗಿಯುವಷ್ಟರಲ್ಲಿ ಐಸು ಕರಗಿ ತೊಳೆದ ನೀರಿನ ಹಾಗಾಗುತ್ತಿತ್ತು. ಡಿಕಾಕ್ಷನ್ನನ್ನೇ ಐಸು ಮಾಡಿ ಹಾಕಿದರೆ ಹೇಗೆ ಎಂದು ಅಂಬಾದಾಸ ಅದನ್ನೂ ಮಾಡಿದ. ನೀರಾಗಲಿಲ್ಲ ನಿಜ, ಆದರೆ ಫ್ರಿಜ್ಜಿನಲ್ಲಿದ್ದ ಕೊತ್ತಂಬರಿಯ ವಾಸನೆ ಹಿಡಿಯಿತು.

ಮೂರನೆಯದು ನೆನೆಹಾಕುವುದು. ಕಾಫಿಬೀಜವನ್ನು ರವೆಯ ಹಾಗೆ ತರಿಯಾಗಿ ಒಡೆದು ತಣ್ಣೀರಿನಲ್ಲಿ ಹಾಕಿ ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಸೋಸುವುದು. ಬೆಂಕಿಯನ್ನೇ ಕಾಣದ್ದನ್ನು ಕಾಫಿ ಅನ್ನಬಹುದೇ ಎಂಬ ಅನುಮಾನದಲ್ಲೇ ಅವನು ಮಾಡಿದ್ದ. ಕುಡಿದಾಗ ಕಹಿ ಇರಲಿಲ್ಲ, ಎದೆ ಉರಿಯಲಿಲ್ಲ. ನುಂಗಿದ ಮೇಲೆ ನಾಲಿಗೆಯ ಹಿಂದೆ ಬೆಲ್ಲದ ಪಾಕದಂಥ ಒಂದು ಸಿಹಿ ಉಳಿಯಿತು, ಸಕ್ಕರೆ ಹಾಕದಿದ್ದರೂ. ಚೆನ್ನಾಗಿದೆ ಎಂದು ಅನಿಸಿತು. ಅನಿಸಿದ ಮರುಕ್ಷಣವೇ, ನನಗೆ ಅನಿಸಿದ್ದು ಸರಿಯೇ ಎಂದೂ ಅನಿಸಿತು.

ಅದು ಅವನ ಹಳೆಯ ರೋಗ. ಹಗಲೆಲ್ಲ ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುವಾಗ, ಲೆಕ್ಕ ಬಿಡಿಸಿ ಉತ್ತರ ಬಂದರೂ ಪಕ್ಕದವನಿಗೆ ನಿನಗೆಷ್ಟು ಬಂತು ಎಂದು ಕೇಳದೆ ಅದರ ಕೆಳಗೆ ಗೆರೆ ಎಳೆಯುತ್ತಿರಲಿಲ್ಲ. ಪಕ್ಕದವನದು ಬೇರೆ ಬಂದಿದ್ದರೆ ತನ್ನದನ್ನು ಹೊಡೆದುಹಾಕುತ್ತಿದ್ದ. ಎಷ್ಟೋ ಸಲ ಹೊಡೆದುಹಾಕಿದ್ದೇ ಸರಿಯಿರುತ್ತಿತ್ತು. ಈಗಲೂ ನೆನೆಹಾಕಿದ ಕಾಫಿಯನ್ನು ಲಿಫ್ಟಿನವನಿಗೆ ಕುಡಿಸಿದ, ಕಸ ಗುಡಿಸುವವಳಿಗೆ ಕುಡಿಸಿದ, ಉಪೇಂದ್ರನಿಗೇ ಕುಡಿಸಿದ. ಉಪೇಂದ್ರ ಬಾಯಲ್ಲಿ ಹೊರಳಿಸಿ, ಬಾಗಾನೇ ಉಂದಿ ಅನ್ನಾ, ಚೆನ್ನಾಗೇ ಇದೆ, ಆದರೆ ಇದಕ್ಕೆ ಮುಖ ಇಲ್ಲ, ಮೇಡಂ ಮೊದಲು ನೋಡೋದು ಗ್ಲಾಸು ಎಂದು ನಕ್ಕಿದ್ದ. ಭಾಗ್ಯಶ್ರೀಯಂತೂ, ನಿಮ್ಮ ನಾಲಿಗಿ ಏನ್ ಬಾಡಿಗಿಗೆ ಕೊಟ್ಟೀರೇನು, ಮಂದಿ ಬಾಯಿಲೆ ರುಚಿ ನೋಡಾಕತ್ತೀರಲ್ಲ ಎಂದು ಛೇಡಿಸಿದ್ದಳು.

ಭಾನುವಾರ ಕ್ಯಾಂಟೀನಿಗೆ ಬೀಗ. ಹಾಗಾಗಿ ಕಾಫಿಯನ್ನು ಮನೆಯಲ್ಲೇ ನೆನೆಹಾಕಬೇಕಾಯಿತು. ಶನಿವಾರವೇ ಒಂದು ಸ್ಟೀಲಿನ ತಂಬಿಗೆಯಲ್ಲಿ ಅಂಗಡಿಯ ನುಣ್ಣನೆಯ ಪುಡಿ ಹಾಕಿ ನೋಡಿದ್ದ. ಅದು ರಾಡಿಯಾಗಿ ಕೂತು, ಕೊನೆಗೊಂದು ಕಹಿ ಬಿಡುತ್ತಿತ್ತು. ಚೆಲ್ಲಲು ಮನಸ್ಸಾಗದೆ ಮನೆಯವರು ಕುಡಿದರಾಯಿತು ಎಂದು ಹಾಗೇ ಬಿಟ್ಟಿದ್ದ. ಭಾನುವಾರ ಬೀಜ ತಂದು ಮಿಕ್ಸರಿನಲ್ಲಿ ಬಿಟ್ಟು ಬಿಟ್ಟು ತಿರುವಿ, ತರಿಯನ್ನು ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿ, ಕೆಂಪು ಮುಚ್ಚಳದ ಗಾಜಿನ ಡಬ್ಬಿಯಲ್ಲಿ ನೆನೆಹಾಕಿದ. ಮೇಡಂಗೆ ಒಯ್ಯುವುದು ಅದೇ.

ಆ ದಿನ ಗ್ರಹಣ. ಹುಣ್ಣಿಮೆಯ ಚಂದ್ರನಿಗೆ ರಾತ್ರಿ ಹಿಡಿಯುವುದಿತ್ತು. ಮಧ್ಯಾಹ್ನದಿಂದಲೇ ಬಂಡೆಮ್ಮನ ಓಡಾಟ ಶುರುವಾಗಿತ್ತು. ಎರಡು ಅಪಾರ್ಟ್‌ಮೆಂಟುಗಳ ನಡುವಿನ ಖಾಲಿ ಸೈಟಿಗೆ ಹೋಗಿ ಒಂದು ಹಿಡಿ ಕರಕಿ, ಅಂದರೆ ಗರಿಕೆ ಹುಲ್ಲು, ಕಿತ್ತು ತಂದಳು. ನೀರಿನ ಡ್ರಮ್ಮಿಗೆ ಒಂದು ಎಳೆ, ಹಾಲಿಗೆ ಒಂದು, ಉಪ್ಪಿನಕಾಯಿ ಭರಣಿಗೆ ಒಂದು. ಗ್ರಹಣ ಹಿಡಿದಾಗ ಕರಕಿ ಇದ್ದದ್ದು ಉಳಿಯಿತು, ಇಲ್ಲದ್ದು ಕೆಟ್ಟಿತು. ಬೆಳಿಗ್ಗೆ ಎದ್ದು ಮಿಂದು, ಕೆಟ್ಟದ್ದನ್ನೆಲ್ಲ ಚೆಲ್ಲಿ, ಹೊಸ ನೀರು ಹಿಡಿಯಬೇಕು. ಅವಳು ಕಂಡದ್ದು ಹಾಗೆ, ನಡೆಸಿದ್ದು ಹಾಗೆ. ಕೊನೆಗೆ ಅವಳು ಕರಕಿ ಹಿಡಿದು ಫ್ರಿಜ್ಜಿನ ಮುಂದೆ ಬಂದಾಗ ಅಂಬಾದಾಸ ಅಡ್ಡ ನಿಂತ.

"ಅವ್ವಾ, ಫ್ರಿಜ್ಜಿನೊಳಗ ಗ್ರಾಣ ಹೋಗಂಗಿಲ್ಲ. ಬಾಗಲಾ ಗಟ್ಟಿ ಐತಿ."

"ನೀ ತಾಸಿಗೆ ಹತ್ತು ಸಲ ತೆಗೀತೀಯಲ್ಲ, ಆವಾಗ ಹೋಗತೈತಿ" ಅಂದಳು ಬಂಡೆಮ್ಮ.

ಭಾಗ್ಯಶ್ರೀ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಂಬಾದಾಸನಿಗೆ ನಗು ಬರಲಿಲ್ಲ. ಹುಲ್ಲಿನ ಒಂದು ಎಳೆ ರಾತ್ರಿಯೆಲ್ಲ ಕಾಫಿಯಲ್ಲಿ ನೆನೆದರೆ ರುಚಿ ಕೆಡುತ್ತದೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಕೊತ್ತಂಬರಿಯ ಪಾಠ ಮಾತ್ರ ನೆನಪಿತ್ತು. ಅವ್ವನಿಗೆ ಬ್ಯಾಡ ಅಂದರೆ ಮಾತು ಬೆಳೆಯುತ್ತದೆ, ಹೂಂ ಅಂದರೆ ಕಾಫಿ ಕೆಡುತ್ತದೆ. ಅವನು ಎರಡೂ ಅನ್ನಲಿಲ್ಲ. ಅವಳು ಮೊಸರಿನ ಗಡಿಗೆ ಇಳಿಸುವಷ್ಟರಲ್ಲಿ ಗಾಜಿನ ಡಬ್ಬಿಯನ್ನು ತೆಗೆದು, ಟವೆಲ್ಲಿನಲ್ಲಿ ಸುತ್ತಿ, ಕೆಳಗಿನ ತರಕಾರಿ ಪೆಟ್ಟಿಗೆಯಲ್ಲಿ ಮೂಲಂಗಿಯ ಕೆಳಗೆ ತಳ್ಳಿದ. ಸ್ಟೀಲಿನ ತಂಬಿಗೆಯನ್ನು ಮಾತ್ರ ಮುಂದೆ ಬಿಟ್ಟ. ಬಂಡೆಮ್ಮ ಅದರ ಮುಚ್ಚಳ ತೆಗೆದು, ಕರ್ರಗಿನ ನೀರು ನೋಡಿ, ಇದೇ ಏನೋ ನಿನ್ನ ಪರೀಕ್ಷಾದ ಕಾಫಿ ಎಂದು ಕೇಳಿದಳು. ಅವನು ತಲೆ ಅಲ್ಲಾಡಿಸಿದ್ದು ಹೌದೆಂದೂ ಆಗಬಹುದಿತ್ತು, ಅಲ್ಲವೆಂದೂ. ಅವಳು ಒಂದರ ಬದಲು ಎರಡು ಎಳೆ ಹಾಕಿದಳು. ಪರೀಕ್ಷೆಯ ಕಾಫಿಗೆ ಒಂದು ಎಳೆ ಸಾಲದು ಎಂದು ಅವಳಿಗೆ ಅನಿಸಿರಬೇಕು.

ಬೆಳಿಗ್ಗೆ ಅವನಿಗೆ ಎಚ್ಚರವಾದದ್ದು ನೀರಿನ ಸದ್ದಿಗೆ. ಬಂಡೆಮ್ಮ ಮಿಂದು, ಒದ್ದೆ ಕೂದಲಿಗೆ ಗಂಟು ಹಾಕಿಕೊಂಡು, ಮನೆಯನ್ನೆಲ್ಲ ತೊಳೆದಾಗಿತ್ತು. ಬಚ್ಚಲ ಬಾಗಿಲಲ್ಲಿ ಖಾಲಿ ಪಾತ್ರೆಗಳು ಬೋರಲು ಬಿದ್ದಿದ್ದವು. ಅವುಗಳ ನಡುವೆ ಕೆಂಪು ಮುಚ್ಚಳವಿತ್ತು.

ಅಂಬಾದಾಸ ಬಚ್ಚಲಿಗೆ ಹೋಗಿ ಬಗ್ಗಿ ನೋಡಿದ. ಜಾಲರಿಯ ಮೇಲೆ ಕಾಫಿಯ ತರಿ ಒದ್ದೆ ಮಣ್ಣಿನ ಹಾಗೆ ಕೂತಿತ್ತು. ಘಮ ಮಾತ್ರ ಇನ್ನೂ ಇತ್ತು. ಎಷ್ಟು ಚೆನ್ನಾಗಿ ಇಳಿದಿತ್ತೆಂದು ಆ ಘಮವೇ ಹೇಳುತ್ತಿತ್ತು.

ಕರಿಬೇವು ತೆಗೆಯಲು ತರಕಾರಿ ಪೆಟ್ಟಿಗೆ ಎಳೆದಿದ್ದಾಗಿ ಬಂಡೆಮ್ಮ ಹೇಳಿದಳು. ಮೂಲಂಗಿಯ ಕೆಳಗೆ ಯಾವುದೋ ಕರಿನೀರು. ಕರಕಿ ಇಲ್ಲ. ಅದಕ್ಕೇ ಚೆಲ್ಲಿಬಿಟ್ಟೆ.

"ಯಾರನ್ನ ಕೇಳಿ ಚೆಲ್ಲಿದಿ?" ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು.

"ಕೇಳೂದೇನು? ಕರಕಿ ಇಲ್ಲದ್ದು ಚೆಲ್ಲೂದು ನಿನಗ ಗೊತ್ತಿಲ್ಲೇನು? ನಿನ್ನ ಪರೀಕ್ಷಾದ್ದು ತಂಬಿಗ್ಯಾಗ ಐತೆಲ್ಲ, ಎರಡೆಳಿ ಹಾಕಿ ಕಾದೀನಿ." ಅವಳು ಸೆರಗಿನಿಂದ ಕೈ ಒರೆಸಿಕೊಂಡು, ಮಗನ ಮುಖ ನೋಡಿ ದನಿ ತಗ್ಗಿಸಿದಳು. "ಆಫೀಸಿನ್ಯಾಗ ಕುಡಿಯವ್ರೂ ಒಬ್ಬರ ಮಕ್ಕಳ ಅಲ್ಲೇನಪಾ. ಗ್ರಾಣದ ನೀರು ಅವರಿಗ್ಯಾಕ ಕುಡಿಸಬೇಕು?"

ಅವನು ಬಗ್ಗಿ ಕೆಂಪು ಮುಚ್ಚಳವನ್ನು ಎತ್ತಿಕೊಂಡ. ಒಂದು ಮಾತು ಹೇಳಿದ್ದರೆ, ಅವ್ವಾ ಡಬ್ಬಿ ಇಲ್ಲೈತಿ, ಇದರ ಮುಚ್ಚಳದ ಮ್ಯಾಲ ಒಂದೆಳಿ ಇಡು ಎಂದಿದ್ದರೆ, ಮುಗಿದುಹೋಗುತ್ತಿತ್ತು. ಹುಲ್ಲಿನಿಂದ ಉಳಿಸಲು ಬಚ್ಚಿಟ್ಟದ್ದೇ ಬಚ್ಚಲಿಗೆ ಹೋಯಿತು. ಬೈಯಬೇಕಾದದ್ದು ಯಾರನ್ನು ಎಂದು ಗೊತ್ತಿದ್ದುದರಿಂದ ಅವನು ಯಾರನ್ನೂ ಬೈಯಲಿಲ್ಲ.

ಭಾಗ್ಯಶ್ರೀ ತಂಬಿಗೆಯನ್ನು ತಂದು ಅವನ ಮುಂದಿಟ್ಟಳು. ಇದನ್ನೇ ಒಯ್ಯಿರಿ, ಕೈ ಬೀಸಿಕೊಂಡು ಹೋಗೋದಕ್ಕಿಂತ ಅಷ್ಟಾದರೂ ಆಗಲಿ ಎಂದಳು. ಅವನು ಬಟ್ಟೆಯನ್ನು ಮಡಿಸಿ ಸೋಸಿದ, ಇನ್ನೂ ಮಡಿಸಿ ಮತ್ತೆ ಸೋಸಿದ. ರಾಡಿ ಇಳಿಯಿತು, ಕಹಿ ಇಳಿಯಲಿಲ್ಲ. ಬಟ್ಟೆಯ ಮೇಲೆ ಕರಕಿಯ ಎರಡು ಎಳೆ ಉಳಿದವು, ಕಂದು ಬಣ್ಣ ಹಿಡಿದು. ಎಸೆಯಲು ಮನಸ್ಸಾಗದೆ ಅಂಗಿಯ ಜೇಬಿಗೆ ಹಾಕಿಕೊಂಡ.

ಷೇರ್ ಆಟೋದಲ್ಲಿ ಕಾಫಿ ತುಂಬಿದ ಕ್ಯಾನನ್ನು ಮೊಣಕಾಲುಗಳ ನಡುವೆ ಹಿಡಿದು ಕೂತವನಿಗೆ ದಾರಿಯುದ್ದಕ್ಕೂ ಒಂದೇ ಯೋಚನೆ. ಸುಮ್ಮನೆ ಕೊಟ್ಟುಬಿಡಲೇ, ಹೇಳಿಬಿಡಲೇ? ಸುಮ್ಮನಿದ್ದರೆ ಒಂದು ವೇಳೆ ಹಿಡಿಸಲೂಬಹುದು. ಮೇಡಂ ಇಂಥ ಕಾಫಿ ಕುಡಿದೇ ಇಲ್ಲದಿದ್ದರೆ ಕಹಿ ಅವರಿಗೆ ಗೊತ್ತಾಗುವುದಾದರೂ ಹೇಗೆ? ಆದರೆ ಮುಂದೆ ದಿನವೂ ಸರಿಯಾದದ್ದನ್ನು ಕೊಟ್ಟಾಗ, ಅಂದಿನ ರುಚಿ ಇಲ್ಲವಲ್ಲ ಎಂದು ಕೇಳಿದರೆ? ಸಿಗ್ನಲ್ಲಿನಲ್ಲಿ ಆಟೋ ನಿಂತಾಗಲೆಲ್ಲ ಮುಚ್ಚಳ ತೆಗೆದು ಮೂಸಿದ. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಚೀಲವನ್ನು ಆ ಕಡೆಗೆ ಸರಿಸಿಕೊಂಡಳು.

ಮೇಡಂ ಕೋಣೆಯಲ್ಲಿ ಉಪೇಂದ್ರ ಆಗಲೇ ತನ್ನ ಗ್ಲಾಸು ಇಟ್ಟಾಗಿತ್ತು. ನೊರೆ ಅಂಚಿನ ಮೇಲೆ ಗೋಪುರದ ಹಾಗೆ ನಿಂತಿತ್ತು, ಅದರ ಮೇಲೆ ಪುಡಿ ಉದುರಿಸಿ ಒಂದು ಎಲೆ ಬಿಡಿಸಿದ್ದ. ಸೂರ್ಯನಾರಾಯಣ ಇಸ್ತ್ರಿ ಅಂಗಿ ಹಾಕಿ ಪಕ್ಕದಲ್ಲಿ ನಿಂತಿದ್ದರು. ಶಿವದೇವಿ ಮೇಡಂ ಅದನ್ನು ಎರಡು ಗುಟುಕು ಕುಡಿದು, ಮೇಲ್ತುಟಿಯ ನೊರೆ ಒರೆಸಿಕೊಂಡು, ಇದು ಚೆನ್ನಾಗಿದೆ, ನಮ್ಮ ಹುಡುಗರು ಇದರ ಫೋಟೋ ತೆಗೆದುಕೊಳ್ಳುತ್ತಾರೆ ಎಂದು ಹಿಂದಿಯಲ್ಲಿ ಹೇಳಿ ಪಕ್ಕಕ್ಕಿಟ್ಟರು. ಆಮೇಲೆ ಅಂಬಾದಾಸನ ಗ್ಲಾಸು. ಬರೀ ಕಪ್ಪು, ಎರಡು ಐಸು. ಮುಖ ಇಲ್ಲದ್ದು.

ಅವರು ಗ್ಲಾಸನ್ನು ತುಟಿಗೆ ಒಯ್ಯುವಾಗ ಅಂಬಾದಾಸನ ಬೆರಳು ಜೇಬಿನಲ್ಲಿದ್ದ ಕರಕಿಯನ್ನು ಮುಟ್ಟಿತು. ಮೇಡಂ ಕುಡಿದರು. ಇನ್ನೂ ಒಮ್ಮೆ ಕುಡಿದರು. ಸೂರ್ಯನಾರಾಯಣರ ಕಡೆ ನೋಡಿದರು. ಸೂರ್ಯನಾರಾಯಣ ಅಂಬಾದಾಸನ ಕಡೆ ನೋಡಿದರು. ಅವನು ಅಭ್ಯಾಸದಂತೆ ಉಪೇಂದ್ರನ ಕಡೆ ನೋಡಿದ. ಉಪೇಂದ್ರ ಹುಬ್ಬು ಕುಣಿಸಿದ. ಅದರಲ್ಲಿ ಯಾವ ಉತ್ತರವೂ ಇರಲಿಲ್ಲ.

"ಮೇಡಂ, ಇದು ಸರಿ ಇಲ್ಲ" ಅಂದ ಅಂಬಾದಾಸ.

ಸೂರ್ಯನಾರಾಯಣ ಕೆಮ್ಮಿದರು. ಅವನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಎಂದು ಗೊತ್ತಿತ್ತು. ಪುಡಿ ನುಣ್ಣಗಿತ್ತು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೆನೆದಿದೆ, ಅದಕ್ಕೇ ಕೊನೆಗೊಂದು ಕಹಿ ಬರುತ್ತದೆ ಎಂದ. ಸರಿಯಾದದ್ದು ಮನೆಯಲ್ಲಿತ್ತು, ರಾತ್ರಿ ಗ್ರಹಣ, ಅದರಲ್ಲಿ ಹುಲ್ಲು ಇರಲಿಲ್ಲವೆಂದು ಅಮ್ಮ ಬೆಳಿಗ್ಗೆ ಚೆಲ್ಲಿದರು, ತಪ್ಪು ಅವರದಲ್ಲ, ನಾನು ಬಚ್ಚಿಟ್ಟಿದ್ದೆ ಎಂದ. ಹಿಂದಿಯಲ್ಲಿ ಕರಕಿಗೆ ಏನನ್ನುತ್ತಾರೋ ಹೊಳೆಯದೆ ಜೇಬಿನಿಂದ ಎಳೆಗಳನ್ನೇ ತೆಗೆದು ತೋರಿಸಿದ. ಉಪೇಂದ್ರ ಗೋಡೆಯ ಕಡೆ ತಿರುಗಿ ನಿಂತ, ಅವನ ಭುಜ ಅಲ್ಲಾಡುತ್ತಿತ್ತು.

ಮೇಡಂ ನಗಲಿಲ್ಲ. ಗ್ಲಾಸನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಅದು ಅರ್ಧಕ್ಕೆ ಇಳಿದಿತ್ತು. ಹಾಲು ಹಾಕಿದ ಕಾಫಿ ಕುಡಿದರೆ ತನಗೆ ಮಧ್ಯಾಹ್ನದವರೆಗೆ ಎದೆ ಉರಿಯುತ್ತದೆ, ಹಾಗೆಂದು ಕಾಫಿಯನ್ನೇ ಬಿಟ್ಟಿದ್ದೆ ಎಂದರು. ಮತ್ತೊಂದು ಗುಟುಕು ಕುಡಿದು ಕೇಳಿದರು:

"ಇದು ಸರಿ ಇಲ್ಲ ಅಂದರೆ, ಸರಿ ಇರೋದು ಹೇಗಿರುತ್ತೆ?"

ಯಾರನ್ನೂ ಕೇಳಲು ಹೊತ್ತಿರಲಿಲ್ಲ. ಕೇಳಿದರೂ ಆ ಕೋಣೆಯಲ್ಲಿ ಗೊತ್ತಿದ್ದವನು ಅವನೊಬ್ಬನೇ. ಮೊದಲು ಏನೂ ಅನಿಸುವುದಿಲ್ಲ ಮೇಡಂ ಎಂದ. ತಣ್ಣಗೆ ಇಳಿಯುತ್ತದೆ ಅಷ್ಟೇ. ನುಂಗಿದ ಮೇಲೆ, ಬೆಲ್ಲದ ಪಾಕ ಮಾಡಿದ ಮನೆಗೆ ಹೋದ ಹಾಗೆ, ಎಲ್ಲಿಂದಲೋ ಒಂದು ಸಿಹಿ ಬರುತ್ತದೆ. ಇನ್ನೊಂದು ಗುಟುಕು ಕುಡಿಯುವುದು ಅದು ಎಲ್ಲಿಂದ ಬಂತು ಎಂದು ನೋಡಲಿಕ್ಕೆ. ಇಷ್ಟು ಹೇಳಿ ಅವನು ನಿಂತ.

ಕೊನೆಗೆ ಕೆಳಗಿನ ಕೌಂಟರು ಉಪೇಂದ್ರನಿಗೇ ಹೋಯಿತು. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಅಂಬಾದಾಸನಿಗೂ. ಆದರೆ ಮಹಡಿಯ ಮೇಲೆ ತನ್ನಂಥವರು ಇನ್ನೂ ಇದ್ದಾರೆ ಎಂದರು ಮೇಡಂ. ನಾಳೆಯಿಂದ ಅವರಿಗಾಗಿ ದಿನಾ ಒಂದು ಕ್ಯಾನು ಬರಲಿ, ಈ ವಾರ ತಾನೇ ಮೊದಲು ಕುಡಿದು ನೋಡುತ್ತೇನೆ ಎಂದೂ ಹೇಳಿದರು. ಲಿಫ್ಟಿನಲ್ಲಿ ಕೆಳಗಿಳಿದ ಮೇಲೆ ಸೂರ್ಯನಾರಾಯಣ, ಜೀಡಿಮೆಟ್ಲಾಕ್ಕೆ ಬೇರೆ ಯಾರನ್ನಾದರೂ ನೋಡುತ್ತೇನೆ, ಆದರೆ ಕ್ಯಾನು ಒಂದು ದಿನ ತುಂಬಿದ ಹಾಗೇ ವಾಪಸು ಬಂದರೆ ಅಂದೇ ನೀನು ಅಲ್ಲಿಗೆ ಎಂದು ತೆಲುಗಿನಲ್ಲಿ ಹೇಳಿದರು. ಉಪೇಂದ್ರ ಹಿಂದಿನಿಂದ ಬಂದು, ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳನ್ನಾ, ಅವರು ಚೆಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತೋ ಎಂದು ಬೆನ್ನು ತಟ್ಟಿದ. ಅದು ತಮಾಷೆಯೋ ನಿಜವೋ ತಿಳಿಯದೆ ಅಂಬಾದಾಸ ಅದನ್ನೂ ಮನೆಯವರೆಗೆ ತಲೆಯಲ್ಲಿ ಹೊತ್ತುಕೊಂಡು ಬಂದ.

ಮಣಿಕೊಂಡದಲ್ಲೇ ಉಳಿದೆವು ಎಂದು ಕೇಳಿ ಭಾಗ್ಯಶ್ರೀ ಹೊಲಿಗೆ ಯಂತ್ರದ ಮುಂದೆಯೇ ಕಣ್ಣು ಮುಚ್ಚಿ ಕೈ ಮುಗಿದಳು. ಅವನು ಕೂರಲಿಲ್ಲ. ಬೀಜ ತಿರುವಿದ, ತರಿಯನ್ನು ಬೆರಳಲ್ಲಿ ಉಜ್ಜಿ ನೋಡಿದ, ಜರಡಿ ಹಿಡಿದು ನುಣ್ಣನೆಯದನ್ನು ಬೇರೆ ಮಾಡಿದ. ಕೆಂಪು ಮುಚ್ಚಳದ ಡಬ್ಬಿಯನ್ನು ತೊಳೆದು ಒಣಗಿಸಿ ನೆನೆಹಾಕಿದ. ಮೂಲಂಗಿಯ ಕೆಳಗಲ್ಲ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಮೇಲಿನ ಹಲಗೆಯ ಮೇಲೆ ಇಟ್ಟ.

ಬಂಡೆಮ್ಮ ಅಂದು ಅಡುಗೆಮನೆಯಲ್ಲಿ ಫ್ರಿಜ್ಜಿಗೆ ದೂರವಾಗಿ ಗೋಡೆ ಹಿಡಿದು ಓಡಾಡುತ್ತಿದ್ದಳು. ಕರಿಬೇವು ಬೇಕಾದಾಗ ಸೊಸೆಯನ್ನು ಕೂಗುತ್ತಿದ್ದಳು. ಮಗ ಬೈದಿದ್ದರೆ ಅವಳಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಅಂಬಾದಾಸ ಅದನ್ನು ನೋಡಿದ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಖಾಲಿ ಸೈಟಿನಲ್ಲಿ ಸಂಜೆಯ ಬೆಳಕು ಇನ್ನೂ ಇತ್ತು. ಒಂದು ಎಳೆ ಕಿತ್ತು, ನಳದಲ್ಲಿ ತೊಳೆದು ತಂದು ಅವ್ವನ ಕೈಗೆ ಕೊಟ್ಟ.

"ಒಳಗ ಬ್ಯಾಡವ್ವಾ. ಮುಚ್ಚಳದ ಮ್ಯಾಲ ಇಡು."

ಬಂಡೆಮ್ಮ ಹುಲ್ಲನ್ನೂ ಮಗನನ್ನೂ ನೋಡಿದಳು. "ಇವತ್ತ್ಯಾಕೋ ಅಂಬ್ಯಾ? ಗ್ರಾಣ ನಿನ್ನೆ ಬಿಟ್ಟಿತಲ್ಲ."

"ನನಗಿನ್ನೂ ಬಿಟ್ಟಿಲ್ಲ" ಅಂದ ಅವನು.

ಅವಳು ಕರಕಿಯನ್ನು ಮುಚ್ಚಳದ ನಡುವೆ ಇಟ್ಟು, ಬೀಳದ ಹಾಗೆ ಬೆರಳಿನಿಂದ ಒತ್ತಿ, ಬಾಗಿಲು ಹಾಕಿದಳು. ಅಂಬಾದಾಸ ಹೊಸ್ತಿಲವರೆಗೆ ಹೋಗಿ ನಿಂತ. ಆಮೇಲೆ ತಿರುಗಿ ಬಂದು, ಎಳೆ ಜಾರಿರಬಹುದೇ ಎಂದು ಬಾಗಿಲು ತೆರೆದು ನೋಡಿದ.